ಹಾಸಿಗೆ ಹಿಡಿದವರನ್ನು ಎತ್ತುವ ಮುನ್ನ

ಮುಪ್ಪಿಗೆ ತಲುಪಿದ ತಂದೆತಾಯಿಯರ ಮುಂದೆ ಬೇಸರದ ‘ಉಫ್’ ಕೂಡ ಬಾಯಿಂದ ಹೊರಡಬಾರದೆಂಬ ಸೂರಃ ಬನೀ ಇಸ್ರಾಈಲ್‌ನ ಆದೇಶವನ್ನು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಆದರೆ ಲಕ್ವಾ ಹೊಡೆದು ಮಲಗಿದ ಮಾವನವರನ್ನು ದಿನಕ್ಕೆ ಹಲವು ಸಲ ಎತ್ತಿ ಕೂರಿಸುವ ಸೊಸೆಯ ಸೊಂಟದ ಬಗ್ಗೆ ಯಾರೂ ಕೇಳುವುದಿಲ್ಲ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ನಮ್ಮ ಮನೆಗಳಲ್ಲಿ ಇಂತಹ ಸೇವೆ ನಡೆಯುವುದು ಬಹುಮಟ್ಟಿಗೆ ಹೆಣ್ಣುಮಕ್ಕಳ ಕೈಯಲ್ಲೇ. ಆಸ್ಪತ್ರೆಯಿಂದ ಕಳಿಸುವಾಗ ಗುಳಿಗೆಯ ಹೊತ್ತು ಹೇಳುತ್ತಾರೆ. ಎತ್ತುವ ಬಗೆಯನ್ನು ನಾವೇ ನರ್ಸ್ ಅಥವಾ ಫಿಸಿಯೋಥೆರಪಿಯವರನ್ನು ಕೇಳಿ, ಮಾಡಿಸಿ ನೋಡಿಕೊಂಡು ಬರಬೇಕು.

ಮಾರ್ಕೆಟ್ಟಿನ ಹಮಾಲರು ಗೋವಿನಜೋಳದ ಚೀಲ ಹೊರುವುದಿಲ್ಲವೇ ಎಂದು ಕೇಳಬಹುದು. ಚೀಲ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಡುವೆ ಹೆದರಿ ನಮ್ಮ ಕೊರಳಿಗೆ ಜೋತುಬೀಳುವುದಿಲ್ಲ. ಅದಕ್ಕೇ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಲೆಕ್ಕದಲ್ಲಿ ರೋಗಿಯ ವಿಷಯದಲ್ಲಿ ಒಬ್ಬರು ಬರಿಗೈಯಲ್ಲಿ ಎತ್ತಬಹುದಾದ ಭಾರ 35 ಪೌಂಡ್, ಅಂದರೆ ಸುಮಾರು 16 ಕಿಲೋ ಮಾತ್ರ. ಬ್ರಿಟನ್ನಿನ 1992ರ ನಿಯಮಗಳು ಇನ್ನೂ ಹಿಂದಿನಿಂದ ಶುರುಮಾಡುತ್ತವೆ: ಎತ್ತದೆ ಕೆಲಸ ಆಗುವುದಾದರೆ ಎತ್ತಲೇಬೇಡಿ, ಎತ್ತಲೇಬೇಕಾದರೆ ಮೊದಲು ಅಪಾಯವನ್ನು ಅಂದಾಜು ಮಾಡಿ.

ಅಂದಾಜು ಎಂದರೆ ದೊಡ್ಡ ವಿದ್ಯೆಯಲ್ಲ. ಇವತ್ತು ಅವರು ಎಷ್ಟು ಸಹಕರಿಸಬಲ್ಲರು, ಕಾಲು ಊರಬಲ್ಲರೇ, ತಲೆ ಸುತ್ತುತ್ತಿದೆಯೇ? ಎತ್ತುವವಳು ಬಸುರಿಯೇ, ಮೊದಲೇ ಬೆನ್ನುನೋವಿದೆಯೇ? ಬಚ್ಚಲಿನ ಫರಸಿ ಒದ್ದೆಯಿದೆಯೇ, ಹೊಸ್ತಿಲು ಎತ್ತರವೇ, ದುಪಟ್ಟಾ ಕಾಲಿಗೆ ತೊಡರುತ್ತದೆಯೇ? ನೆಲದ ಹಾಸಿಗೆಯಿಂದ ಎತ್ತುವಷ್ಟು ಕಷ್ಟ ಬೇರೊಂದಿಲ್ಲ. ಹಳೆಯ ಮಂಚವಾದರೂ ಸರಿ, ಅದರ ಮೇಲೆ ಮಲಗಿಸಿದರೆ ಅರ್ಧ ಕಷ್ಟ ಕಳೆಯುತ್ತದೆ.

ಎಲ್ಲರೂ ಮಾಡುವ ತಪ್ಪು ಕಂಕುಳಲ್ಲಿ ಕೈ ಹಾಕಿ ಜಗ್ಗುವುದು. ಲಕ್ವಾ ಆದ ಭುಜದ ಸ್ನಾಯು ಸಡಿಲವಾಗಿರುವುದರಿಂದ ಕೀಲೇ ಜಾರಬಹುದು. ಹಾಸಿಗೆಯಲ್ಲಿ ಕೆಳಗೆ ಸರಿದವರನ್ನು ಮೇಲಕ್ಕೆ ತರಲು ಭುಜದಿಂದ ತೊಡೆಯವರೆಗೆ ಗಟ್ಟಿ ಚಾದರ ಹಾಸಿ, ಇಬ್ಬರು ಆಚೀಚೆ ಅಂಚು ಸುತ್ತಿ ಹಿಡಿದು, ಮೊಣಕಾಲು ಸ್ವಲ್ಪ ಬಗ್ಗಿಸಿ ಜಾರಿಸಬೇಕು. ಕುರ್ಚಿಗೆ ದಾಟಿಸುವಾಗ ಕುರ್ಚಿ ಅವರ ಬಲವಿರುವ ಮಗ್ಗುಲಿಗಿರಲಿ. ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ, ಮುಂದಕ್ಕೆ ಬಾಗಿಸಿ, ಸೋತ ಮೊಣಕಾಲಿಗೆ ನಮ್ಮ ಮೊಣಕಾಲು ಆನಿಸಿ, ಸೊಂಟದ ಬಳಿ ಹಿಡಿದು, ‘ಬಿಸ್ಮಿಲ್ಲಾಹ್’ ಎಂದೊಡನೆ ಇಬ್ಬರೂ ಒಟ್ಟಿಗೆ ಏಳಬೇಕು. ಏನು ಮಾಡಲಿದ್ದೇವೆಂದು ಮೊದಲೇ ಹೇಳಿದರೆ ಅವರೂ ಹೆದರುವುದಿಲ್ಲ.

ಅಲುಗಾಡಲಾಗದವರಿಗೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ರಾತ್ರಿಯಿಡೀ ಒಬ್ಬರೇ ಮಾಡಿ ಮುಗಿಸುವ ಕೆಲಸವಲ್ಲ ಇದು. ಜನಾಝಾಕ್ಕೆ ಹೆಗಲು ಕೊಡಲು ಓಣಿಯೇ ಮುಂದೆ ಬರುತ್ತದೆ. ಬದುಕಿರುವ ಅಜ್ಜನನ್ನು ಮಗ್ಗುಲಿಗೆ ಹೊರಳಿಸಲು ಹೆತ್ತ ಮಗನೇ ಮನೆಯಲ್ಲಿರುವುದಿಲ್ಲ. ಪರ್ದೆ, ನಾಚಿಕೆಯ ಮಾತು ಬಂದಾಗಲೂ ಗಂಡಸರನ್ನು ತೊಳೆದು ಒರೆಸುವ ಕೆಲಸ ಮಗ, ಮೊಮ್ಮಗನಿಗೇ ಸೇರಬೇಕಲ್ಲವೇ?

ನಮಾಝ್‌ಗೆಂದು ಐದು ಹೊತ್ತೂ ಬಚ್ಚಲಿಗೆ ಎಳೆದೊಯ್ಯುವವರಿದ್ದಾರೆ. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡಲು ಪ್ರವಾದಿ(ಸ)ರವರು ಅನಾರೋಗ್ಯದಲ್ಲಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಹೇಳಿದ್ದು ಬುಖಾರಿಯಲ್ಲಿದೆ. ವುಝೂವಿಗೆ ತಂಬಿಗೆ, ತಟ್ಟೆ ಹಾಸಿಗೆಯ ಬಳಿಗೇ ಬರಬಹುದು. ನೀರೇ ತೊಂದರೆಯಾದಾಗ ತಯಮ್ಮುಮ್‌ನ ಬಗ್ಗೆ ನಿಮ್ಮ ಆಲಿಮರನ್ನು ಕೇಳಿ.

ಹಿಡಿದವರು ಜಾರುತ್ತಿದ್ದರೆ ಬಿಗಿಹಿಡಿದು ನಿಲ್ಲಿಸಲು ಹೋಗಬೇಡಿ. ನಿಮ್ಮ ಮೈಗೆ ಆನಿಸಿಕೊಂಡು ನಿಧಾನ ನೆಲಕ್ಕೆ ಇಳಿಸಿ. ಬಿದ್ದವರನ್ನು ಕೂಡಲೇ ಎತ್ತಲೂಬೇಡಿ. ಸೊಂಟ ಮುಟ್ಟಿದರೆ ಚೀರಿದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ತಲೆಗೆ ಪೆಟ್ಟಾಗಿದ್ದರೆ ಅಲ್ಲೇ ಕೌದಿ ಹೊದಿಸಿ 108ಕ್ಕೆ ಫೋನ್ ಮಾಡಿ.