ಸಸ್ಯಜನ್ಯ ಆಹಾರ, ರಕ್ತದ ಸಕ್ಕರೆ ಮತ್ತು ಹೃದಯದ ಆರೋಗ್ಯ

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನೀವೆಲ್ಲರೂ ಕೇಳಿದ್ದೀರಿ. ಹೊಟ್ಟೆ ತುಂಬ ಉಣ್ಣುವುದು ಒಂದು ವಿಷಯ. ಏನನ್ನು, ಎಷ್ಟು, ಹೇಗೆ ಉಣ್ಣಬೇಕೆಂದು ಬಲ್ಲವರಾಗುವುದು ಇನ್ನೊಂದು ವಿಷಯ. ಸಕ್ಕರೆ ಕಾಯಿಲೆ ಪಟ್ಟಣದ ಶ್ರೀಮಂತರ ರೋಗವೆಂದು ಒಂದು ಕಾಲದಲ್ಲಿ ಹೇಳುತ್ತಿದ್ದರು. ಈಗ ಆ ಮಾತು ಉಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರಂತೆ 2021ರಲ್ಲಿ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಸಕ್ಕರೆ ಕಾಯಿಲೆ ಇತ್ತು. ಇನ್ನೂ 13 ಕೋಟಿ 60 ಲಕ್ಷ ಜನರು ಅದರ ಹೊಸ್ತಿಲಿನಲ್ಲಿದ್ದರು. ಇವರಲ್ಲಿ ಹಳ್ಳಿಗರೂ ಸೇರಿದ್ದಾರೆ.

ಹೀಗಿರುವಾಗ, ಹಾಲು, ತುಪ್ಪ, ಮಾಂಸ, ಮೊಟ್ಟೆ ಎಲ್ಲವನ್ನೂ ಬಿಟ್ಟು ಗಿಡಮರಗಳಿಂದ ಬರುವ ಆಹಾರವನ್ನಷ್ಟೇ ತಿಂದರೆ ಸಕ್ಕರೆ ಇಳಿಯುವುದೆಂದೂ ಹೃದಯ ಗಟ್ಟಿಯಾಗುವುದೆಂದೂ ಅನೇಕರು ಹೇಳುವುದನ್ನು ನೀವು ಕೇಳಿರಬಹುದು. ಇದರಲ್ಲಿ ನಿಜವೆಷ್ಟು, ಎಚ್ಚರಿಕೆಯೆಲ್ಲಿ ಬೇಕು ಎಂಬುದನ್ನು ಗಂಡಹೆಂಡಿರಿಬ್ಬರೂ ಕೂಡಿ ತಿಳಿಯುವುದು ಒಳ್ಳೆಯದು.

ಸಸ್ಯಜನ್ಯ ಆಹಾರವೆಂದರೇನು?

ನಮ್ಮಲ್ಲಿ ಸಸ್ಯಾಹಾರಿಗಳೆನಿಸಿಕೊಂಡವರು ಮಾಂಸ, ಮೀನುಗಳನ್ನು ತಿನ್ನುವುದಿಲ್ಲ. ಆದರೆ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಬಳಸುತ್ತಾರೆ. ಇವುಗಳನ್ನೂ ಜೇನುತುಪ್ಪವನ್ನೂ ಬಿಟ್ಟು, ಧಾನ್ಯ, ಬೇಳೆಕಾಳು, ಸೊಪ್ಪು, ತರಕಾರಿ, ಹಣ್ಣು ಮತ್ತು ಎಣ್ಣೆಬೀಜಗಳಿಂದಲೇ ಊಟ ಮಾಡುವವರನ್ನು ವೀಗನ್ ಎನ್ನುತ್ತಾರೆ. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು. ಹೆಸರು ಹೊಸದಾದರೂ ರಾಗಿಮುದ್ದೆ ಮತ್ತು ಹುರುಳಿಕಾಳಿನ ಸಾರು, ಜೋಳದ ರೊಟ್ಟಿ ಮತ್ತು ಕಾಳುಪಲ್ಯ ಇಂತಹ ಊಟವೇ ಆಗಿವೆ.

ಈ ಆಹಾರ ದೇಹದಲ್ಲಿ ಮಾಡುವ ಕೆಲಸ

ನಾವು ತಿಂದ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಕರುಳಿನಲ್ಲಿ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಇನ್ಸುಲಿನ್ನಿನ ನೆರವಿನಿಂದ ಸಕ್ಕರೆಯು ರಕ್ತದಿಂದ ಮಾಂಸಖಂಡಗಳೊಳಗೆ ಹೋಗಿ ಶಕ್ತಿಯಾಗುತ್ತದೆ. ಹೊಟ್ಟೆಯ ಸುತ್ತ ಬೊಜ್ಜು ಬೆಳೆದು, ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಕೊಬ್ಬು ತುಂಬಿಕೊಂಡರೆ ಇನ್ಸುಲಿನ್ ಇದ್ದರೂ ಅದರ ಮಾತು ನಡೆಯುವುದಿಲ್ಲ. ಆಗ ಸಕ್ಕರೆಯು ರಕ್ತದಲ್ಲಿಯೇ ಉಳಿದು ಕಣ್ಣು, ಮೂತ್ರಪಿಂಡ, ನರ ಮತ್ತು ರಕ್ತನಾಳಗಳನ್ನು ಕೆಡಿಸುತ್ತದೆ.

ಕಾಳು, ಸೊಪ್ಪು, ತರಕಾರಿ ಮತ್ತು ತೌಡು ತೆಗೆಯದ ಧಾನ್ಯಗಳಲ್ಲಿ ನಾರಿನಂಶ ಹೆಚ್ಚು. ನಾರು ಇದ್ದಾಗ ಸಕ್ಕರೆಯು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಹೊಟ್ಟೆ ಬೇಗ ತುಂಬಿದಂತಾಗುವುದರಿಂದ ಊಟ ಹಿತಮಿತವಾಗಿ ತೂಕವೂ ಇಳಿಯುತ್ತದೆ. ತೂಕ ಇಳಿದಂತೆ ಇನ್ಸುಲಿನ್ನಿನ ಕೆಲಸ ಮತ್ತೆ ಸುಗಮವಾಗುತ್ತದೆ.

ಹೃದಯಕ್ಕೂ ಇದರಿಂದ ಪ್ರಯೋಜನವುಂಟು. ಕೊಲೆಸ್ಟರಾಲ್ ಎಂಬ ಮೇದಸ್ಸು ರಕ್ತನಾಳಗಳ ಒಳಗೋಡೆಗೆ ಅಂಟಿ ದಾರಿಯನ್ನು ಕಿರಿದಾಗಿಸುತ್ತದೆ. ಗಟ್ಟಿ ಕೊಬ್ಬನ್ನು ಹೆಚ್ಚು ತಿಂದಷ್ಟೂ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ನಾರಿನ ಒಂದು ಭಾಗವು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಮಲದೊಂದಿಗೆ ಹೊರಕ್ಕೆ ಒಯ್ಯುತ್ತದೆ. ಹೊಸ ಪಿತ್ತರಸವನ್ನು ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟರಾಲನ್ನು ಎಳೆದುಕೊಳ್ಳುತ್ತದೆ. ಹೀಗೆ ರಕ್ತದಲ್ಲಿ ಅದು ಕಡಿಮೆಯಾಗುತ್ತದೆ.

ಪರೀಕ್ಷೆಗಳಿಂದ ತಿಳಿದುಬಂದುದು

2006ರಲ್ಲಿ ಅಮೆರಿಕದಲ್ಲಿ ಸಕ್ಕರೆ ಕಾಯಿಲೆಯುಳ್ಳ 99 ಜನರನ್ನು ಎರಡು ಗುಂಪು ಮಾಡಿ 22 ವಾರಗಳ ಕಾಲ ಪರೀಕ್ಷಿಸಿದ ಅಧ್ಯಯನವು ಪ್ರಕಟವಾಯಿತು. ಒಂದು ಗುಂಪಿಗೆ ಕೊಬ್ಬು ಕಡಿಮೆಯಿರುವ ಸಸ್ಯಜನ್ಯ ಆಹಾರ. ಇನ್ನೊಂದಕ್ಕೆ ಮಧುಮೇಹಿಗಳಿಗೆ ಅಲ್ಲಿ ಸಾಮಾನ್ಯವಾಗಿ ಸೂಚಿಸುತ್ತಿದ್ದ ಆಹಾರ. ಮೊದಲನೆಯ ಗುಂಪಿನವರ ತೂಕ ಸರಾಸರಿ ಆರೂವರೆ ಕಿಲೋ ಇಳಿಯಿತು. ಎರಡನೆಯವರದು ಮೂರು ಕಿಲೋಗಳಷ್ಟು. ಔಷಧಿಯನ್ನು ಬದಲಿಸದೆ ಇದ್ದವರಲ್ಲಿ ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆಯ ಅಂಕ ಸಸ್ಯಜನ್ಯ ಗುಂಪಿನಲ್ಲಿ 1.23ರಷ್ಟೂ ಇನ್ನೊಂದರಲ್ಲಿ 0.38ರಷ್ಟೂ ತಗ್ಗಿತು. ಎರಡೂ ಗುಂಪಿನವರಿಗೆ ಲಾಭವಾಯಿತೆಂಬುದನ್ನು ಇಲ್ಲಿ ಗಮನಿಸಿರಿ.

2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ಅವಳಿಗಳ ಅಧ್ಯಯನವನ್ನು ಪ್ರಕಟಿಸಿದರು. ಅವಳಿಗಳಲ್ಲಿ ಒಬ್ಬರು ಸಸ್ಯಜನ್ಯ ಆಹಾರವನ್ನೂ ಇನ್ನೊಬ್ಬರು ಮಾಂಸವೂ ಸೇರಿದ ಒಳ್ಳೆಯ ಆಹಾರವನ್ನೂ ಎಂಟು ವಾರ ತಿಂದರು. ಮೊದಲನೆಯವರಲ್ಲಿ ಕೆಟ್ಟ ಕೊಲೆಸ್ಟರಾಲ್ ಸರಾಸರಿ 15 ಮಿಲಿಗ್ರಾಂ ಇಳಿದರೆ ಇನ್ನೊಬ್ಬರಲ್ಲಿ ಎರಡು ಮಿಲಿಗ್ರಾಮಿನಷ್ಟು ಮಾತ್ರ ಇಳಿಯಿತು.

ಇನ್ನೊಂದು ಮುಖವೂ ಉಂಟು. ಬ್ರಿಟನ್ನಿನಲ್ಲಿ 48,000ಕ್ಕೂ ಹೆಚ್ಚು ಜನರನ್ನು 18 ವರ್ಷ ಗಮನಿಸಿದ ಅಧ್ಯಯನವು 2019ರಲ್ಲಿ ಪ್ರಕಟವಾಯಿತು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಲ್ಲಿ ಹೃದಯದ ರಕ್ತನಾಳದ ರೋಗ ಶೇಕಡಾ 22ರಷ್ಟು ಕಡಿಮೆಯಿದ್ದರೂ ಪಾರ್ಶ್ವವಾಯು ಶೇಕಡಾ 20ರಷ್ಟು ಹೆಚ್ಚಾಗಿತ್ತು. ಬಿ-12 ಜೀವಸತ್ವದ ಕೊರತೆಯೂ ಇದಕ್ಕೆ ಒಂದು ಕಾರಣವಿರಬಹುದೆಂದು ತಜ್ಞರು ಶಂಕಿಸುತ್ತಾರೆ. ಆದುದರಿಂದ ಈ ಆಹಾರವು ಒಳ್ಳೆಯದೆಂದರೂ ಅದನ್ನು ತಿಳಿದು ಅನುಸರಿಸತಕ್ಕದ್ದು.

ಸಸ್ಯದಿಂದ ಬಂದುದೆಲ್ಲವೂ ಹಿತವಲ್ಲ

ಸಕ್ಕರೆ ಗಿಡದಿಂದಲೇ ಬರುತ್ತದೆ, ಬೆಲ್ಲವೂ ಕಬ್ಬಿನದೇ. ಬೋಂಡ, ಮೆಣಸಿನಕಾಯಿ ಬಜ್ಜಿ, ಪಾಮ್ ಎಣ್ಣೆಯಲ್ಲಿ ಕರಿದ ಚಕ್ಕುಲಿ, ಅಂಗಡಿಯ ಶರಬತ್ತು ಇವುಗಳಲ್ಲಿ ಮಾಂಸವೂ ಇಲ್ಲ, ಹಾಲೂ ಇಲ್ಲ. ಇವು ಸಕ್ಕರೆಯನ್ನೂ ತೂಕವನ್ನೂ ಏರಿಸುತ್ತವೆ. ಬಿಳಿಯ ಅನ್ನವನ್ನು ತಟ್ಟೆ ತುಂಬ ಬಡಿಸಿಕೊಂಡು, ಮೇಲೆ ತಿಳಿಸಾರನ್ನು ಸುರಿದುಕೊಂಡರೆ ಅದು ಸಸ್ಯಜನ್ಯ ಊಟವೇ ಸರಿ. ಆದರೆ ಮಧುಮೇಹಿಗೆ ಹಿತವಾದ ಊಟವಲ್ಲ. ತೆಂಗಿನೆಣ್ಣೆ, ಪಾಮ್ ಎಣ್ಣೆ ಮತ್ತು ವನಸ್ಪತಿಗಳಲ್ಲಿಯೂ ಗಟ್ಟಿ ಕೊಬ್ಬು ಇರುತ್ತದೆ.

ರಾಗಿಯ ಬಗೆಗೂ ಒಂದು ಮಾತು. ರಾಗಿಯಿಂದ ಸಕ್ಕರೆ ಏರುವುದೇ ಇಲ್ಲವೆಂದು ಹಲವರು ಎರಡು ಮೂರು ಮುದ್ದೆಗಳನ್ನು ಉಣ್ಣುತ್ತಾರೆ. ರಾಗಿಯಲ್ಲಿ ನಾರು ಮತ್ತು ಸುಣ್ಣದಂಶ ಚೆನ್ನಾಗಿವೆ, ನಿಜ. ಆದರೆ ಅದರ ಬಹುಭಾಗವು ಪಿಷ್ಟವೇ. ನುಣುಪಾದ ಹಿಟ್ಟಿನ ತೆಳ್ಳನೆಯ ಗಂಜಿ ಕುಡಿದರೆ ಸಕ್ಕರೆ ಬೇಗ ಏರುತ್ತದೆ. ಒಂದು ಸಣ್ಣ ಮುದ್ದೆ, ಅದಕ್ಕೆ ಧಾರಾಳವಾಗಿ ಕಾಳು ಮತ್ತು ಸೊಪ್ಪು, ಇದು ಸರಿಯಾದ ಕ್ರಮ.

ಮನೆಯ ತಟ್ಟೆ ಹೇಗಿರಬೇಕು?

ತಟ್ಟೆಯನ್ನು ಮನಸ್ಸಿನಲ್ಲಿಯೇ ಎರಡು ಪಾಲು ಮಾಡಿಕೊಳ್ಳಿರಿ. ಅರ್ಧದಲ್ಲಿ ಸೊಪ್ಪು ಮತ್ತು ತರಕಾರಿ: ನುಗ್ಗೆಸೊಪ್ಪು, ದಂಟು, ಮೆಂತ್ಯ, ಬೀನ್ಸ್, ಹೀರೆ, ಹಾಗಲ, ಬದನೆ, ಸೌತೆ. ಉಳಿದ ಅರ್ಧವನ್ನು ಮತ್ತೆ ಎರಡು ಮಾಡಿ, ಒಂದರಲ್ಲಿ ಹುರುಳಿ, ಅವರೆ, ಅಲಸಂದೆ, ಹೆಸರು, ಕಡಲೆ ಅಥವಾ ತೊಗರಿ. ಇನ್ನೊಂದರಲ್ಲಿ ಮುದ್ದೆ, ರೊಟ್ಟಿ ಅಥವಾ ಅನ್ನ. ಆಲೂಗಡ್ಡೆ ಮತ್ತು ಗೆಣಸು ಧಾನ್ಯದ ಲೆಕ್ಕಕ್ಕೇ ಸೇರುತ್ತವೆ. ಬೀಜಗಳಲ್ಲಿ ಅಗಸೆ, ಗುರೆಳ್ಳು ಅಥವಾ ಶೇಂಗಾ ಚಟ್ನಿಪುಡಿ ಒಂದು ಚಮಚದಷ್ಟು ಸಾಕು. ಅಡಿಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿಗಿಂತ ಹೆಚ್ಚಾಗಬಾರದು. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಸಣ್ಣ ಚಮಚ, ಅಂದರೆ ಐದು ಗ್ರಾಂ, ಮೀರಬಾರದು. ಉಪ್ಪಿನಕಾಯಿ ಮತ್ತು ಹಪ್ಪಳದ ಉಪ್ಪೂ ಇದರಲ್ಲಿಯೇ ಸೇರಬೇಕು.

ರೋಗಿಗೊಂದು ಅಡಿಗೆ, ಮನೆಯವರಿಗೊಂದು ಅಡಿಗೆ ಮಾಡುವ ಅವಶ್ಯಕತೆಯಿಲ್ಲ. ಈ ಊಟವು ಮನೆಯ ಹಿರಿಯರೆಲ್ಲರಿಗೂ ಹಿತವೇ. ಆದರೆ ಅನೇಕ ಮನೆಗಳಲ್ಲಿ ಗಂಡನೂ ಮಕ್ಕಳೂ ಉಂಡ ಮೇಲೆ ಗೃಹಿಣಿಯು ಕುಳಿತುಕೊಳ್ಳುವ ಹೊತ್ತಿಗೆ ಪಲ್ಯ ಮತ್ತು ಕಾಳು ಮುಗಿದಿರುತ್ತವೆ. ಉಳಿದ ಅನ್ನವೂ ಸಾರೂ ಆಕೆಯ ಪಾಲಾಗುತ್ತವೆ. ಗಂಡನ ಸಕ್ಕರೆ ಹತೋಟಿಗೆ ಬರುತ್ತಿರುವಾಗ ಹೆಂಡತಿಯ ಸಕ್ಕರೆ ಯಾರಿಗೂ ತಿಳಿಯದಂತೆ ಏರುತ್ತಿರುತ್ತದೆ, ರಕ್ತಹೀನತೆಯೂ ಜೊತೆಗೂಡುತ್ತದೆ. ದಂಪತಿಗಳು ಒಟ್ಟಿಗೆ ಕುಳಿತು ಉಣ್ಣುವುದರಿಂದ ಈ ತೊಂದರೆ ಖರ್ಚಿಲ್ಲದೆ ನೀಗುತ್ತದೆ.

ಬಿ-12 ಜೀವಸತ್ವವನ್ನು ಮರೆಯಬಾರದು

ಹಾಲು, ಮೊಟ್ಟೆ, ಮಾಂಸಗಳನ್ನು ಪೂರ್ತಿ ಬಿಟ್ಟವರಿಗೆ ಬಿ-12 ಜೀವಸತ್ವವು ಆಹಾರದಿಂದ ಸಾಕಷ್ಟು ದೊರೆಯುವುದಿಲ್ಲ. ಸೊಪ್ಪಾಗಲಿ ಕಾಳಾಗಲಿ ಇದನ್ನು ಒದಗಿಸಲಾರವು. ಕೊರತೆಯಾದರೆ ಆಯಾಸ, ರಕ್ತಹೀನತೆ, ಮರೆವು, ಕಾಲು ಜೋಮು ಹಿಡಿಯುವುದು ಉಂಟಾಗುತ್ತವೆ. ಸಕ್ಕರೆ ಕಾಯಿಲೆಯಿಂದಲೂ ಕಾಲು ಜೋಮು ಹಿಡಿಯುವುದರಿಂದ ಕೊರತೆಯು ಗಮನಕ್ಕೆ ಬಾರದೆ ಹೋಗುತ್ತದೆ. ಇದರ ಮೇಲೆ, ಸಕ್ಕರೆ ಕಾಯಿಲೆಗೆ ಬಹುಮಂದಿ ನುಂಗುವ ಮೆಟ್‌ಫಾರ್ಮಿನ್ ಗುಳಿಗೆಯೂ ದೀರ್ಘಕಾಲದಲ್ಲಿ ಬಿ-12ನ್ನು ತಗ್ಗಿಸಬಲ್ಲದು. ಆದುದರಿಂದ ಸಂಪೂರ್ಣ ಸಸ್ಯಜನ್ಯ ಆಹಾರವನ್ನು ಹಿಡಿದವರು ವೈದ್ಯರನ್ನು ಕೇಳಿ ಬಿ-12 ಗುಳಿಗೆಯನ್ನು ತಪ್ಪದೆ ಸೇವಿಸತಕ್ಕದ್ದು.

ಸುಣ್ಣದಂಶಕ್ಕೆ ರಾಗಿ, ಎಳ್ಳು ಮತ್ತು ನುಗ್ಗೆಸೊಪ್ಪು ಆಧಾರ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಕಬ್ಬಿಣದಂಶವು ಮೈಗೆ ಹತ್ತಬೇಕಾದರೆ ಸೊಪ್ಪು, ಕಾಳುಗಳಿಗೆ ನಿಂಬೆರಸವನ್ನು ಹಿಂಡಿಕೊಳ್ಳಿರಿ. ಊಟದ ಜೊತೆಯಲ್ಲಿ ಚಹಾ, ಕಾಫಿ ಬೇಡ.

ಗರ್ಭಿಣಿಯರು, ಬಾಣಂತಿಯರು ಮತ್ತು ಎಳೆಯ ಮಕ್ಕಳ ಊಟದಿಂದ ಹಾಲು, ಮೊಟ್ಟೆಗಳನ್ನು ವೈದ್ಯರ ಸಲಹೆಯಿಲ್ಲದೆ ತೆಗೆಯಕೂಡದು. ತಾಯಿಯಲ್ಲಿ ಬಿ-12 ಕೊರತೆಯಿದ್ದರೆ ಎದೆಹಾಲಿನಲ್ಲಿಯೂ ಕಡಿಮೆಯಾಗಿ ಮಗುವಿನ ಮೆದುಳಿನ ಬೆಳವಣಿಗೆಗೆ ಕುಂದುಂಟಾಗುತ್ತದೆ. ಗರ್ಭಿಣಿಯು ಮೊದಲ ತಪಾಸಣೆಯಲ್ಲಿಯೂ, ಮತ್ತೆ 24ರಿಂದ 28 ವಾರಗಳ ನಡುವೆಯೂ ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ

ಊಟ ಬದಲಾದೊಡನೆ ಗುಳಿಗೆ ಬೇಡವೆಂದು ಕೆಲವರು ನಿಲ್ಲಿಸುತ್ತಾರೆ. ಇದು ಅಪಾಯಕರ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡಿನಂತಹ ಗುಳಿಗೆಯನ್ನು ಹಿಂದಿನ ಪ್ರಮಾಣದಲ್ಲಿಯೇ ತೆಗೆದುಕೊಂಡು ಅನ್ನ, ಮುದ್ದೆಗಳನ್ನು ಒಮ್ಮೆಲೇ ತಗ್ಗಿಸಿದರೆ ಸಕ್ಕರೆಯು ಅತಿಯಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ತಲೆಸುತ್ತು, ತಡಬಡಿಸುವ ಮಾತು ಇದರ ಲಕ್ಷಣಗಳು. ಕೂಡಲೆ ಮೂರು ಸಣ್ಣ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿರಿ. ಆದುದರಿಂದ ಊಟ ಬದಲಿಸುವ ಮೊದಲು ವೈದ್ಯರಿಗೆ ತಿಳಿಸಿ, ಗುಳಿಗೆಯ ಪ್ರಮಾಣವನ್ನು ಅವರಿಂದಲೇ ಸರಿಪಡಿಸಿಕೊಳ್ಳಿರಿ. ಮೂತ್ರಪಿಂಡದ ತೊಂದರೆಯುಳ್ಳವರು ಕಾಳು, ಸೊಪ್ಪು, ಹಣ್ಣುಗಳ ಪ್ರಮಾಣವನ್ನೂ ವೈದ್ಯರಿಂದ ಕೇಳಿ ತಿಳಿಯಬೇಕು.

ನೀವು ಮಾಡಬೇಕಾದುದು

30 ವರ್ಷ ದಾಟಿದ ದಂಪತಿಗಳಿಬ್ಬರೂ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆ ಮತ್ತು ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿರಿ. ಬರಿಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆಯಿದ್ದರೆ ಸರಿ. 100ರಿಂದ 125ರವರೆಗೆ ಎಚ್ಚರಿಕೆಯ ಹಂತ. 126 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಸಕ್ಕರೆ ಕಾಯಿಲೆಯೆಂದು ನಿರ್ಧರಿಸುತ್ತಾರೆ. ಬೀಡಿ, ಸಿಗರೇಟು, ತಂಬಾಕನ್ನು ಬಿಡದೆ ಊಟವನ್ನಷ್ಟೇ ಸುಧಾರಿಸಿದರೆ ಹೃದಯ ಉಳಿಯುವುದಿಲ್ಲ. ಎದೆಯಲ್ಲಿ ಹಿಂಡಿದಂತೆ ನೋವು ಬಂದು ಬೆವತರೆ ವಾಯುವೆಂದು ಕಷಾಯ ಕುಡಿಯುತ್ತ ಕಾಲ ಕಳೆಯದೆ 108ಕ್ಕೆ ಕರೆ ಮಾಡಿರಿ.

ಹಾಲನ್ನು ಬಿಡುವುದೋ ಇಟ್ಟುಕೊಳ್ಳುವುದೋ ನಿಮ್ಮ ಇಷ್ಟಕ್ಕೆ ಸೇರಿದ ವಿಷಯ. ದಿನಕ್ಕೊಂದು ಲೋಟ ಮಜ್ಜಿಗೆಯಿಂದ ಹೃದಯ ಕೆಡುವುದಿಲ್ಲ. ಆದರೆ ಅನ್ನದ ರಾಶಿಯನ್ನು ತಗ್ಗಿಸುವುದು, ಕಾಳು ಮತ್ತು ಸೊಪ್ಪನ್ನು ಹೆಚ್ಚಿಸುವುದು, ಕರಿದುದನ್ನೂ ಸಿಹಿಯನ್ನೂ ದೂರವಿಡುವುದು, ಇಷ್ಟು ಎಲ್ಲರಿಗೂ ಅವಶ್ಯಕ. ಇದಕ್ಕೆ ಬೇಕಾದುದರಲ್ಲಿ ಹೆಚ್ಚಿನದು ನಿಮ್ಮ ಹೊಲದಲ್ಲಿ, ಹಿತ್ತಿಲಿನಲ್ಲಿ, ವಾರದ ಸಂತೆಯಲ್ಲಿ ಇದೆ. ಈ ವಾರದ ಸಂತೆಗೆ ಹೋಗುವಾಗ ಅಕ್ಕಿಯ ಜೊತೆಗೆ ಎರಡು ಸೇರು ಹುರುಳಿಯನ್ನೂ ನಾಲ್ಕು ಕಟ್ಟು ಸೊಪ್ಪನ್ನೂ ತನ್ನಿರಿ. ಒಟ್ಟಿಗೆ ಕುಳಿತು ಉಣ್ಣಿರಿ. ಮೂರು ತಿಂಗಳು ಕಳೆದ ಮೇಲೆ ಇಬ್ಬರೂ ಮತ್ತೆ ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ.