ಒಂದು ಮೊಳೆಯ ಮುಚ್ಚಳ

ಡಿಪ್ಲೊಮಾ ಮುಗಿಸಿ ವರ್ಷವಾದರೂ ಕೆಲಸ ಸಿಗದೆ ಚನ್ನಪಟ್ಟಣದ ಮನೆಗೆ ಮರಳಿದ್ದೆ. ಅಪ್ಪ ತಾವು ಕಡೆದ ಆಲೆಮರದ ಕುಂಕುಮದ ಭರಣಿ ಕೈಗಿಟ್ಟು, ‘ಮುಚ್ಚಳ ಪಕ್ಕಕ್ಕೆ ತಿರುಗಬೇಕು, ಕಳಚಬಾರದು’ ಎಂದರು. ಸುಲಭವೆಂದುಕೊಂಡೆ. ಮುಚ್ಚಳಕ್ಕೊಂದು, ಭರಣಿಯ ಅಂಚಿಗೊಂದು ತೂತು ಕೊರೆದು ಹಿತ್ತಾಳೆ ಮೊಳೆ ಇಳಿಸಿದೆ. ತಿರುಗಿಸಿದರೆ ಒಂದು ಬದಿ ಎದ್ದಿತು, ಇನ್ನೊಂದು ಬದಿ ಕಚ್ಚಿಕೊಂಡಿತು. ಹಾಳೆಯ ಮೇಲೆ 90 ಡಿಗ್ರಿಯನ್ನು ನೂರಾರು ಸಲ ಎಳೆದಿದ್ದ ನನಗೆ ಮರದಲ್ಲಿ ಒಂದು ತೂತು ನೆಟ್ಟಗೆ ಬರಲಿಲ್ಲ!

ಅಪ್ಪ ಬೈಯಲಿಲ್ಲ. ತೂತಿಗೆ ಅದೇ ಮರದ ಬೆಣೆ ಬಡಿದು, ‘ಎರಡನ್ನೂ ಒಟ್ಟಿಗೆ ಬಿಗಿದು ಕೊರಿ. ಮೊಳೆ ಭರಣಿಯಲ್ಲಿ ಬಿಗಿಯಾಗಿರಲಿ, ಮುಚ್ಚಳದಲ್ಲಿ ಕೂದಲೆಳೆಯಷ್ಟು ಸಡಿಲವಿರಲಿ’ ಎಂದರು. ನಾಲ್ಕನೆಯ ಭರಣಿಯ ಮುಚ್ಚಳ ಬೆರಳು ತಾಗಿದರೆ ಸಾಕು, ತಿರುಗಿತು. ಮುಂದಿನ ಸಂದರ್ಶನಕ್ಕೆ ಅಂಕಪಟ್ಟಿಯ ಜೊತೆ ಅದನ್ನೂ ಒಯ್ಯುತ್ತೇನೆ.