ತಾರಸಿಯ ಸ್ಟ್ರಾಬೆರಿಗೆ ಎರಡನೇ ವರ್ಷ

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದವರಲ್ಲಿ ಕೆಲವರು ಸ್ಟ್ರಾಬೆರಿ ಸಸಿಯೊಂದನ್ನು ಹಿಡಿದು ಮನೆಗೆ ಬರುವುದುಂಟು. ಬಾಣಸವಾಡಿ, ಕಮ್ಮನಹಳ್ಳಿ ಕಡೆಯ ತಾರಸಿಗಳಲ್ಲಿ ಅದಕ್ಕೊಂದು ಕುಂಡ ಸಿಗುತ್ತದೆ, ನಾಲ್ಕಾರು ಹಣ್ಣೂ ಬಿಡುತ್ತದೆ. ಏಪ್ರಿಲ್ ಬಿಸಿಲಿಗೆ ಎಲೆಯಂಚು ಸುಡುತ್ತಲೇ ಗಿಡ ಕಸದ ಬುಟ್ಟಿ ಸೇರುತ್ತದೆ. ನನ್ನ ತಕರಾರು ಇರುವುದು ಇಲ್ಲೇ. ಆ ಗಿಡ ಸತ್ತಿರುವುದಿಲ್ಲ, ಹಣ್ಣು ಬಿಡುವುದನ್ನು ನಿಲ್ಲಿಸಿ ಮರಿ ಹಾಕಲು ಹೊರಟಿರುತ್ತದೆ.

ಸ್ಟ್ರಾಬೆರಿಗೆ ತಂಪು ಬೇಕು. ದೇಶದ ಬಹುಪಾಲು ಹಣ್ಣು ಬರುವುದು ಸುಮಾರು 1,350 ಮೀಟರ್ ಎತ್ತರದ ಮಹಾಬಳೇಶ್ವರದ ಸುತ್ತಮುತ್ತಲಿಂದ. ಅಲ್ಲಿನ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಬೆಂಗಳೂರಿನ ಎತ್ತರ 900 ಮೀಟರ್ ಆಸುಪಾಸು. ಡಿಸೆಂಬರ್ ರಾತ್ರಿಗಳಲ್ಲಿ ಉಷ್ಣಾಂಶ 15–16 ಡಿಗ್ರಿಗೆ ಇಳಿಯುವುದರಿಂದ ಹೂವಿಗೇನೂ ಕೊರತೆಯಿಲ್ಲ. ಯುರೋಪಿನಲ್ಲಿ ಬೇಸಿಗೆಯ ಹಗಲು ಉದ್ದವಾದಾಗ ಗಿಡ ಹಂಬು ಬಿಡುತ್ತದೆ. ನಮ್ಮಲ್ಲಿ ಡಿಸೆಂಬರ್ ಹಗಲಿಗೂ ಜೂನ್ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಇಲ್ಲಿ ಗಿಡಕ್ಕೆ ಕಾಲ ತಿಳಿಸುವುದು ಹೆಚ್ಚಾಗಿ ಸೆಕೆಯೇ.

ಹಂಬನ್ನು, ಅಂದರೆ ನರ್ಸರಿಯವರು ರನ್ನರ್ ಎನ್ನುವುದನ್ನು, ಹತ್ತಿರದಿಂದ ನೋಡಬೇಕು. ಕೆಂಪಡರಿದ ತೆಳ್ಳನೆಯ ಕುಡಿ ಕುಂಡದ ಅಂಚು ದಾಟಿ ಇಳಿಬೀಳುತ್ತದೆ. ಮೊದಲ ಗೆಣ್ಣು ಸಾಮಾನ್ಯವಾಗಿ ಬರಿದು. ಎರಡನೆಯದರಲ್ಲಿ ಪುಟ್ಟ ಎಲೆಗಳು, ಅವುಗಳ ಬುಡದಲ್ಲಿ ಆಗಷ್ಟೇ ಒಡೆದ ಬೇರಿನ ಮೊನೆಗಳು. ತಾರಸಿಯ ಕಾದ ಸಿಮೆಂಟು ತಾಗಿದರೆ ಆ ಮೊನೆಗಳು ಕಂದಿಹೋಗುತ್ತವೆ. ಆದ್ದರಿಂದ ತಾಯಿಗಿಡವನ್ನು ಅರೆನೆರಳಿಗೆ ಸರಿಸಿ, ಪಕ್ಕದಲ್ಲೊಂದು ಚಿಕ್ಕ ಕುಂಡವಿಡಿ. ಕೆಮ್ಮಣ್ಣು, ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಬೆರೆಸಿದ ಮಣ್ಣಿಗೆ ಎಲೆಯಿರುವ ಗೆಣ್ಣನ್ನು ತಾಗಿಸಿ, ಬಗ್ಗಿಸಿದ ತಂತಿಯಿಂದ ಒತ್ತಿಡಿ. ಕತ್ತರಿಸುವ ಅವಸರ ಬೇಡ. ಬಾಳೆಯ ಕಂದಿನ ಹಾಗೆ ಇದಕ್ಕೂ ಸ್ವಂತ ಬೇರು ಬಲಿಯುವ ತನಕ ತಾಯಿಯದೇ ಆಸರೆ. ಮೂರು-ನಾಲ್ಕು ವಾರದ ಮೇಲೆ ಮೆಲ್ಲಗೆ ಎಳೆದು ನೋಡಿ. ಜಗ್ಗದಿದ್ದರೆ ಹಂಬಿಗೆ ಕತ್ತರಿ ಹಾಕಬಹುದು. ಒಂದು ಗಿಡದಿಂದ ಎರಡು-ಮೂರು ಮರಿ ಸಾಕು, ಉಳಿದ ಹಂಬು ಚಿವುಟಿಬಿಡಿ.

ಇಷ್ಟೆಲ್ಲ ಯಾಕೆಂದರೆ ಎರಡು-ಮೂರು ವರ್ಷಕ್ಕೆ ಹಳೆಯ ಗಿಡದ ಬುಡ ಮರಗಟ್ಟಿ ಮಣ್ಣಿನಿಂದ ಮೇಲೇಳುತ್ತದೆ, ಹಣ್ಣು ಸಣ್ಣದಾಗುತ್ತದೆ. ಎಲೆ ಮುದುಡಿ ಕುಗ್ಗಿದ ಗಿಡದಿಂದ ಮಾತ್ರ ಮರಿ ತೆಗೆಯಲೇಬೇಡಿ. ನಂಜುರೋಗ ಹಂಬಿನ ಮೂಲಕವೇ ಮರಿಗೆ ಇಳಿಯುತ್ತದೆ.

ನೀರಿನ ಮಾತು ಒತ್ತಿ ಹೇಳಬೇಕು. ಸ್ಟ್ರಾಬೆರಿಗೆ ಉಪ್ಪಿನಂಶ ಸ್ವಲ್ಪವೂ ಆಗದು. ಗಡಸಾದ ಬೋರ್‌ವೆಲ್ ನೀರನ್ನೇ ದಿನವೂ ಹಾಕಿದರೆ ಎಲೆಯಂಚು ಸುಟ್ಟು ಕಂದುಬಣ್ಣಕ್ಕೆ ತಿರುಗುತ್ತದೆ, ನಾವು ಬಿಸಿಲನ್ನು ದೂರುತ್ತೇವೆ. ತಾರಸಿಯ ಮಳೆನೀರನ್ನು ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಈ ಗಿಡಕ್ಕೆ ಅದಕ್ಕಿಂತ ಒಳ್ಳೆಯ ನೀರಿಲ್ಲ. ಆದರೆ ಜಡಿಮಳೆಗೆ ಕುಂಡವನ್ನು ಒಡ್ಡಬಾರದು. ನೀರು ನಿಂತರೆ ಬೇರು ಕೊಳೆಯುತ್ತದೆ. ಸಜ್ಜೆಯ ಕೆಳಗಿಟ್ಟರೆ ಕ್ಷೇಮ.

ದಸರಾ ಹೊತ್ತಿಗೆ ಮರಿಗಳನ್ನು ಎಂಟಿಂಚಿನ ಕುಂಡಗಳಿಗೆ ಬದಲಿಸಿ, ಬಿಸಿಲಿಗಿಡಿ. ಸುಳಿ ಸರಿಯಾಗಿ ಮಣ್ಣಿನ ಮಟ್ಟದಲ್ಲಿರಲಿ: ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಬುಡಕ್ಕೆ ಭತ್ತದ ಹುಲ್ಲು ಹಾಸಿದರೆ ಹಣ್ಣು ಮಣ್ಣಿಗೆ ತಾಗದು. ಜೇನ್ನೊಣ ಕಾಣದ ತಾರಸಿಯಾದರೆ ಮೆತ್ತನೆಯ ಕುಂಚದಿಂದ ಹೂವಿನ ನಡುವನ್ನು ಸುತ್ತಲೂ ಸವರಿ, ಇಲ್ಲವಾದರೆ ಹಣ್ಣು ಸೊಟ್ಟಗಾಗುತ್ತದೆ. ಸಂಕ್ರಾಂತಿಯ ಆಸುಪಾಸಿಗೆ ಹಣ್ಣು ಬಣ್ಣ ತಿರುಗುತ್ತದೆ. ಕೆಂಪು ತೊಟ್ಟಿನವರೆಗೂ ಏರುವ ತನಕ ಕೀಳಬೇಡಿ. ಕಿತ್ತ ಮೇಲೆ ಅದು ಇನ್ನಷ್ಟು ಸಿಹಿಯಾಗುವುದಿಲ್ಲ.